ಇಪ್ಪತ್ತೆರಡು ಸೆಕೆಂಡು

ಚಿತ್ರ ಬರುತ್ತಿತ್ತು, ಬಾಯಿ ಆಡುತ್ತಿತ್ತು, ದನಿ ಮಾತ್ರ ಇರಲಿಲ್ಲ. ಹತ್ತು ದಿನದಿಂದ ಬೆಳಿಗ್ಗೆ ಶಟರ್ ಎತ್ತಿ, ಗಣಪತಿ ಪಟಕ್ಕೆ ಊದುಬತ್ತಿ ತೋರಿಸಿ, ಕುರ್ಚಿಯಲ್ಲಿ ಕೂತ ಕೂಡಲೇ ಪದ್ಮನಾಭ ತೆರೆಯುತ್ತಿದ್ದುದು ಇದೊಂದನ್ನೇ. ಮಹಡಿ ಮನೆಯ ಗಂಗಹನುಮಯ್ಯನವರು ಬೆತ್ತದ ಕುರ್ಚಿಯಲ್ಲಿ ಕೂತು ಮಾತಾಡುತ್ತಾರೆ, ಕೈ ಎತ್ತಿ ಏನೋ ತೋರಿಸುತ್ತಾರೆ, ನಗುತ್ತಾರೆ, ಕೆಮ್ಮುತ್ತಾರೆ, ಮತ್ತೆ ಮಾತಾಡುತ್ತಾರೆ. ಒಟ್ಟು ಹದಿನೆಂಟು ನಿಮಿಷ. ಪರದೆಯ ಮೇಲಿನ ಪಟ್ಟಿ ಚಿತ್ರದ್ದು, ಕೆಳಗಿನದು ದನಿಯದ್ದು. ಆ ಕೆಳಗಿನ ಪಟ್ಟಿಯಲ್ಲಿ ಗೆರೆ ಎದ್ದು ಬಿದ್ದು ಮಾಡಬೇಕಾದ ಕಡೆ ಏನೂ ಇಲ್ಲ, ಬೋಳು. ಥೂ, ಇದರ ಮನೆ ಹಾಳಾಗ, ಎಂದು ದಿನವೂ ಬೈಯುತ್ತಿದ್ದ. ಕಂಪ್ಯೂಟರನ್ನು ಬೈದದ್ದೋ, ಮುದುಕನನ್ನು ಬೈದದ್ದೋ ಅವನಿಗೇ ಸರಿಯಾಗಿ ಗೊತ್ತಿರಲಿಲ್ಲ. ಹದಿನಾಲ್ಕು ದಿನದ ಹಿಂದೆ ಗಂಟಲು ಕ್ಯಾನ್ಸರಿಗೆ ಆಪರೇಷನ್ ಮಾಡಿ ಗಂಗಹನುಮಯ್ಯನವರ ದನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಇನ್ನು ಅವರು ಬದುಕಿರುವ ತನಕ ಮಾತಾಡುವುದಿಲ್ಲ. ಆಪರೇಷನ್ನಿನ ಹಿಂದಿನ ದಿನ ಮಾತಾಡಿಸಿ ಕ್ಯಾಮೆರಾದಲ್ಲಿ ಹಿಡಿದಿಟ್ಟ ಈ ಹದಿನೆಂಟು ನಿಮಿಷವೇ ಅವರ ಕೊನೆಯ ಮಾತು, ಅದು ಇಲ್ಲಿ ಮಾರೇನಹಳ್ಳಿಯ ಈ ಹತ್ತಡಿ ಅಂಗಡಿಯಲ್ಲಿ, ಹೀಗೆ ಮೂಕವಾಗಿ ಕೂತಿತ್ತು.

ಅಂಗಡಿಯೂ ಅವರದ್ದೇ, ಮೇಲಿನ ಮನೆಯೂ ಅವರದ್ದೇ. ಒಂದು ಕಾಲಕ್ಕೆ ಈ ರಸ್ತೆಯೇ ಅವರ ರಾಗಿ ಹೊಲವಾಗಿತ್ತಂತೆ. ಪದ್ಮನಾಭ ಹದಿನಾರು ವರ್ಷದಿಂದ ಇಲ್ಲಿ ಬಾಡಿಗೆಗಿದ್ದು ಮಿಕ್ಸಿಂಗ್ ಮಾಡುತ್ತಿದ್ದ. ಮದುವೆ, ನಾಮಕರಣ, ಗೃಹಪ್ರವೇಶದ ಟೇಪು ತಂದುಕೊಟ್ಟರೆ ಕತ್ತರಿಸಿ, ಜೋಡಿಸಿ, ಹಾಡು ಹಾಕಿ ಕೊಡುವ ಕೆಲಸ. ವಧುವನ್ನು ತಾವರೆಯೊಳಗಿಂದ ಎಬ್ಬಿಸುವುದು, ವರನನ್ನು ಜಲಪಾತದ ಮುಂದೆ ನಿಲ್ಲಿಸುವುದು, ಇಬ್ಬರ ಸುತ್ತ ಹೃದಯದ ಆಕಾರ ಬಿಡಿಸುವುದು. ಟೇಪಿದ್ದಾಗ ಸುಖವಿತ್ತು. ಕೈಯಲ್ಲಿ ಹಿಡಿಯಬಹುದಾದ ವಸ್ತು. ಡೆಕ್ಕಿಗೆ ತುರುಕಿ ಒತ್ತಿದರೆ ಚಿತ್ರ ದನಿ ಎರಡೂ ಒಟ್ಟಿಗೇ ಬರುತ್ತಿದ್ದವು, ಒಂದನ್ನು ಬಿಟ್ಟು ಇನ್ನೊಂದು ಬರುವ ಮಾತೇ ಇರಲಿಲ್ಲ. ಆಮೇಲೆ ಈ ಹಾಳು ಕ್ಯಾಮೆರಾಗಳು ಬಂದವು. ಟೇಪಿಲ್ಲ, ಹೊಟ್ಟೆಯೊಳಗೇ ಹಾರ್ಡ್ ಡಿಸ್ಕು. ಎರಡು ತಿಂಗಳಿಗೊಂದು ಹೊಸ ಜಾತಿ. ಒಂದರ ಫೈಲು ಇವನ ಸಾಫ್ಟ್‌ವೇರಿಗೆ ಹಿಡಿಸಿದರೆ ಇನ್ನೊಂದರದ್ದು ಹಿಡಿಸುವುದಿಲ್ಲ. ಗಿರಾಕಿಗಳು ಕ್ಯಾಮೆರಾ ಹಿಡಿದುಕೊಂಡು ಬಂದು, 'ಏನ್ ಸಾರ್, ಇದೂ ಓಪನ್ ಆಗಲ್ವಾ?' ಎಂದು ಮುಖ ನೋಡುತ್ತಿದ್ದರು. ಆ ಮುಖಗಳನ್ನು ಪದ್ಮನಾಭ ಒಂದೊಂದಾಗಿ ನೆನಪಿಟ್ಟಿದ್ದ.

ಕ್ಯಾಮೆರಾ ದಿವ್ಯಳದ್ದು, ಗಂಗಹನುಮಯ್ಯನವರ ಮಗಳು, ದುಬೈಯಲ್ಲಿರುವವಳು. ಅಪ್ಪನ ಆಪರೇಷನ್ನಿಗೆ ಬಂದಿದ್ದಳು. ಅಪ್ಪನ ದನಿ ಹಿಡಿದಿಡಬೇಕು ಎಂದು ಹೊಳೆದದ್ದು ಮಾತ್ರ ಸೊಸೆ ಶಿಲ್ಪಾಗೆ. ಗದಗಿನ ಹುಡುಗಿ, ಮಗ ಯೋಗಾನಂದ ಕೆಲಸ ಮಾಡುವ ಕಡೆ ಪರಿಚಯವಾಗಿ, ತಾನೇ ಮೆಚ್ಚಿ ಮದುವೆಯಾಗಿ ಕರೆತಂದವಳು. ಅತ್ತೆ ಯಶೋದಮ್ಮ ಅವಳ ಮಾತನ್ನು ಮೂರು ವರ್ಷದಿಂದ ಅಣಕಿಸುತ್ತಿದ್ದರು, ಅವಳ ರೊಟ್ಟಿ ಬಡಿಯುವ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಆಪರೇಷನ್ನಿನ ಹಿಂದಿನ ದಿನ ಶಿಲ್ಪಾ ಕೆಳಗಿಳಿದು ಬಂದು ಅಂಗಡಿಯ ಮುಂದೆ ನಿಂತು, 'ಅಣ್ಣಾರ, ಕ್ಯಾಮೆರಾದಾಗ ಮಾತು ದೂರ ಕೇಳ್ತೈತ್ರಿ, ಏನರ ಮಾಡಾಕ ಬರ್ತದೇನ್ರಿ?' ಎಂದಳು. ಪದ್ಮನಾಭನೇ ಡ್ರಾಯರಿನಿಂದ ಕಾಲರ್ ಮೈಕು ತೆಗೆದು ಕೊಟ್ಟ. ಗುಂಡಿಯಷ್ಟು ಮೈಕು, ವೈರಿನ ನಡುವೆ ಸೆಲ್ ಹಾಕುವ ಚಿಕ್ಕ ಡಬ್ಬಿ, ಡಬ್ಬಿಗೊಂದು ಸ್ವಿಚ್ಚು, ಸ್ವಿಚ್ಚು ಹಾಕಿದರೆ ಹತ್ತುವ ಕೆಂಪು ದೀಪ. 'ಸ್ವಿಚ್ ಹಾಕೋದು ಮಾತ್ರ ಮರೀಬೇಡಮ್ಮ, ಎಲ್ರೂ ಮರೆಯೋದು ಅದನ್ನೇ,' ಎಂದು ಹೇಳಿಯೂ ಇದ್ದ. ಹೇಳಿದೆನಲ್ಲ ಎಂಬುದು ಆಮೇಲೆ ಅವನಿಗೆ ಬಹಳ ಉಪಯೋಗಕ್ಕೆ ಬಂತು.

ಆಪರೇಷನ್ ಆದ ನಾಲ್ಕನೇ ದಿನ ದಿವ್ಯ ವಿಮಾನಕ್ಕೆ ಹೊರಟು ನಿಂತಿದ್ದಳು. ಮನೆಯವರೆಲ್ಲ ಆಸ್ಪತ್ರೆ, ಮನೆ ಎಂದು ಓಡಾಡುತ್ತಿದ್ದುದರಲ್ಲಿ ಹಿಡಿದದ್ದನ್ನು ಹಾಕಿ ನೋಡಲು ಯಾರಿಗೂ ಬಿಡುವಾಗಿರಲಿಲ್ಲ. ಟ್ಯಾಕ್ಸಿ ಹೊರಗೆ ಹಾರ್ನ್ ಹೊಡೆಯುತ್ತಿತ್ತು. ಪದ್ಮನಾಭ ಕೇಬಲ್ ಸಿಕ್ಕಿಸಿ ಕ್ಯಾಮೆರಾದ ಹೊಟ್ಟೆಯಲ್ಲಿದ್ದುದನ್ನೆಲ್ಲ ತನ್ನ ಕಂಪ್ಯೂಟರಿಗೆ ಎಳೆದುಕೊಂಡ. 'ಕಾಪಿ ಆಯ್ತಾ ಅಂಕಲ್? ಇದ್ರಲ್ಲಿ ಜಾಗ ಇಲ್ಲ, ಡಿಲೀಟ್ ಮಾಡ್ಲಾ?' ಎಂದಳು. 'ಮಾಡಮ್ಮ, ಬಂದಿದೆ ಎಲ್ಲ,' ಎಂದ. ಹಾಕಿ ನೋಡಲಿಲ್ಲ. ಹದಿನಾರು ವರ್ಷದ ಅನುಭವಸ್ಥನಿಗೆ ಒಂದು ಫೈಲು ಹಾಕಿ ನೋಡಬೇಕು ಅನ್ನಿಸಲಿಲ್ಲ. ಸಂಜೆ ಯೋಗಾನಂದ ಆಸ್ಪತ್ರೆಯಿಂದ ಬಂದು ಹಿಂದೆ ನಿಂತು, 'ಹಾಕಿ ಸಾರ್, ಒಂದ್ಸಲ ಕೇಳ್ಬೇಕು,' ಎಂದಾಗ ತೆರೆದರೆ ಹೀಗೆ. ಯೋಗಾನಂದ ಮೊದಲು ಸ್ಪೀಕರಿನ ವೈರು ಮುಟ್ಟಿದ, ಆಮೇಲೆ ಪದ್ಮನಾಭನ ಕಡೆ ತಿರುಗಿದ. 'ಏನ್ ಸಾರ್ ಇದು? ಏನ್ ಮಾಡಿದ್ರಿ? ಹಾಳು ಮಾಡಿದ್ರಾ?' ಎಂದು ಕಿರುಚಿದ. ಆಳೆತ್ತರದ ಮನುಷ್ಯ, ಎರಡು ದಿನದಿಂದ ನಿದ್ದೆಯಿಲ್ಲದ ಕಣ್ಣು. ಪದ್ಮನಾಭನ ಬಾಯಿ ತಾನಾಗಿ ತೆರೆಯಿತು. 'ನಂದೇನಿಲ್ಲ ಸಾರ್. ನಿಮ್ಮನೆಯೋರು ಮೈಕ್ ಸ್ವಿಚ್ಚೇ ಹಾಕಿಲ್ಲ. ನಾನು ಹೇಳಿ ಕಳ್ಸಿದ್ದೆ ಅವರಿಗೆ.' ಹೇಳಿದಾಗ ಅದನ್ನು ಅವನು ಅರ್ಧ ನಂಬಿಯೂ ಇದ್ದ. ಯೋಗಾನಂದ ಮೆಟ್ಟಿಲು ಹತ್ತಿ ಹೋದ. ಸ್ವಲ್ಪ ಹೊತ್ತಿನಲ್ಲಿ ಮೇಲಿನಿಂದ ಯಶೋದಮ್ಮನ ದನಿ ಕೇಳಿತು, ಆಮೇಲೆ ಏನೋ ಬಿದ್ದ ಸದ್ದು, ಆಮೇಲೆ ಅಳು.

ಅರ್ಧ ನಂಬಿದ್ದು ಎಷ್ಟು ದಿನ? ಮೂರೇ ದಿನ. ಮೂರನೇ ದಿನ ಸುಮ್ಮನೆ ಕೈ ಆಡಿಸುತ್ತ ಅದೇ ಕ್ಯಾಮೆರಾದಿಂದ ಬಂದ ಇನ್ನೊಂದು ಫೈಲು ಒತ್ತಿದ. ದಿವ್ಯಳ ಮಗುವಿನ ಹುಟ್ಟುಹಬ್ಬ. ದುಬೈ ಮನೆ, ಬಲೂನು, ಕೇಕು, ಇಪ್ಪತ್ತು ಮಕ್ಕಳು ಚಪ್ಪಾಳೆ ತಟ್ಟಿ ಹಾಡುತ್ತಿದ್ದಾರೆ, ಸದ್ದಿಲ್ಲ. ಅಲ್ಲಿ ಕಾಲರ್ ಮೈಕಿರಲಿಲ್ಲ, ಶಿಲ್ಪಾ ಇರಲಿಲ್ಲ. ಮತ್ತೊಂದು ಒತ್ತಿದ, ಅದಕ್ಕೂ ಇಲ್ಲ. ಅಂದರೆ ದನಿ ಇದೆ, ಇವನ ಸಾಫ್ಟ್‌ವೇರಿಗೆ ಅದು ಕೇಳುತ್ತಿಲ್ಲ. ಎಸ್.ಪಿ. ರೋಡಿನಿಂದ ತಂದ ಕಳ್ಳ ಸೀಡಿಯ ಸಾಫ್ಟ್‌ವೇರು, ಅದಕ್ಕೆ ಕಿವುಡು, ಅದರ ಜತೆ ಇವನಿಗೂ. ಆಗಲೇ ಎದ್ದು ಮೆಟ್ಟಿಲು ಹತ್ತಬೇಕಿತ್ತು. ಹದಿನಾಲ್ಕು ಮೆಟ್ಟಿಲು. ಹತ್ತಿ, 'ಯಶೋದಮ್ಮನೋರೆ, ತಪ್ಪು ಆ ಹುಡುಗೀದಲ್ಲ, ನಂಗೆ ಕೆಲಸ ಬರದೆ ಹಂಗಂದೆ,' ಎನ್ನಬೇಕಿತ್ತು. ನಂಗೆ ಕೆಲಸ ಬರಲ್ಲ ಎಂಬ ಮಾತು ಬಾಯಲ್ಲಿ ಹೇಗಿರುತ್ತದೆ ಎಂದು ನೋಡಲು ಮೆಲ್ಲಗೆ ಆಡಿಕೊಂಡ. ಆಗಲಿಲ್ಲ. ಎದ್ದವನು ಹೊರಗೆ ಹೋಗಿ ಟೀ ಕುಡಿದು ಬಂದ. ಅದಾಗಿ ಏಳು ದಿನವಾಯಿತು. ಈ ಏಳು ದಿನದಲ್ಲಿ ಅವನಿಗೆ ಶಿಲ್ಪಾಳನ್ನು ಕಂಡರೆ ಆಗದಂತಾಯಿತು. ಅವಳು ಹಾಲಿಗೆ ಹೋಗುವಾಗ ಅಂಗಡಿಯ ಮುಂದೆ ತಲೆ ತಗ್ಗಿಸಿ ಹೋದರೆ ಸಿಟ್ಟು, ತಲೆ ಎತ್ತಿ ನೋಡಿದರೆ ಇನ್ನೂ ಸಿಟ್ಟು. ಏನು ಅವಳದ್ದು, ದೊಡ್ಡ ಸೀತಾದೇವಿ! ನಾನು ಸ್ವಿಚ್ ಹಾಕಿದ್ದೆ ಅಂತ ಜೋರಾಗಿ ಹೇಳಬಾರದೇ ಬಾಯಿಬಿಟ್ಟು? ಹೇಳಿದ್ದಳು, ಪಾಪ, ಅದೂ ಅವನಿಗೆ ಕೇಳಿಸಿತ್ತು. 'ಹಾಕೀನ್ರಿ ಅತ್ತಿ, ದೇವರಾಣಿ ಹಾಕೀನ್ರಿ.' 'ಹಾಕಿದ್ರೆ ಎಲ್ಲೋಯ್ತೇ ದನಿ? ನೀನೇನ್ ನುಂಗ್ಕೊಂಡ್ಯಾ? ಇವತ್ತಿಂದ ನಿನ್ ಕೈನ ಕಾಫಿ ನಾ ಕುಡಿಯಲ್ಲ.' ಆ ದಿನದಿಂದ ಯಶೋದಮ್ಮ ಸೊಸೆಯ ಕೈಯ ನೀರನ್ನೂ ಮುಟ್ಟಿರಲಿಲ್ಲ. ಗಂಡ ಅವಳ ಜತೆ ಮಾತು ಬಿಟ್ಟಿದ್ದ.

ಇವತ್ತು ಬೆಳಿಗ್ಗೆ ಯಶೋದಮ್ಮ ತಾವೇ ಇಳಿದು ಬಂದರು. ಮಂಡಿ ನೋವಿನ ಹೆಂಗಸು, ಕಬ್ಬಿಣದ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು. ಶಟರಿನ ಬಳಿ ನಿಂತು, 'ಏನಪ್ಪ ಪದ್ಮನಾಭ, ಇವರು ಆಸ್ಪತ್ರೆಯಿಂದ ಮನೆಗೆ ಬಂದು ಎರಡು ದಿನ ಆಯ್ತು. ದನಿ ಇಲ್ದಿದ್ರೆ ಹೋಗ್ಲಿ, ಬಾಯಾಡೋದಾದ್ರೂ ನೋಡ್ತೀನಿ. ಸೀಡಿ ಮಾಡ್ಕೊಡು,' ಎಂದರು. 'ಮಧ್ಯಾಹ್ನ ತಂದ್ಕೊಡ್ತೀನಮ್ಮ.' ಅವರು ಹೋಗಲಿಲ್ಲ. ಪರದೆಯ ಕಡೆ ನೋಡುತ್ತ ನಿಂತರು. 'ನಲವತ್ತೆರಡು ವರ್ಷ ಆ ಮನುಷ್ಯ ಬಾಗ್ಲಿಂದ ಒಳಕ್ಕೆ ಬರೋವಾಗ ನನ್ ಹೆಸ್ರಿಡಿದು ಕೂಗ್ತಿದ್ರು ಕಣಪ್ಪ. ಯಾಕ್ ಕೂಗ್ತೀರಾ, ನಾನಿಲ್ಲೇ ಅವ್ನಿ ಕಣ್ರೀ ಅಂತ ಬೈತಿದ್ದೆ. ಅದೊಂದನ್ನ ಕೂಗ್ಸಿ ಹಿಡಿಯೇ ಅಂತ ಆ ಮುಂಡೇದಕ್ಕೆ ಹೇಳಿದ್ದೆ. ಒಂದು ಸ್ವಿಚ್ ಹಾಕಕ್ಕೆ ಬರ್ಲಿಲ್ಲ ಅವ್ಳಿಗೆ.' ಪದ್ಮನಾಭ ಕೀಬೋರ್ಡಿನ ಧೂಳು ಒರೆಸಿದ. ಅವರು ಮೇಲೆ ಹೋದ ಮೇಲೆ ಬೈಗುಳ ಶುರುವಾಯಿತು, ಅದರ ಹಿಂದೆಯೇ ಲೋಟದ ಸದ್ದು. ಎರಡು ದಿನದಿಂದ ಕೇಳುತ್ತಿದ್ದ ಸದ್ದು ಅದು. ಗಂಗಹನುಮಯ್ಯ ಮಂಚದ ಕಬ್ಬಿಣಕ್ಕೆ ಸ್ಟೀಲ್ ಲೋಟ ಹೊಡೆದು ಕರೆಯುತ್ತಿದ್ದರು. ನೀರು ಬೇಕೋ, ನೋವೋ. ಸ್ಲೇಟು ತಂದುಕೊಟ್ಟಿದ್ದರಂತೆ, ಮೂರನೇ ಕ್ಲಾಸಿಗೆ ಬಿಟ್ಟ ಅಕ್ಷರ ಈಗ ಎಲ್ಲಿಂದ ಬರಬೇಕು, ಮೂಲೆಗೆ ಎಸೆದಿದ್ದರಂತೆ.

ವೀಡಿಯೊದಲ್ಲಿ ಹೆಂಡತಿಯ ಹೆಸರು ಕೂಗುತ್ತಾರೆ, ಹೌದು. ಹನ್ನೊಂದನೇ ನಿಮಿಷದಲ್ಲಿ. ಪದ್ಮನಾಭನಿಗೆ ಅದು ಗೊತ್ತಿತ್ತು. ಇದೇ ಬಾಯನ್ನು ಹತ್ತು ದಿನ ಹಿಂದೆ ಮುಂದೆ ಓಡಿಸಿ ಓಡಿಸಿ ಕೆಲವು ಮಾತು ಅವನಿಗೆ ತುಟಿಯಲ್ಲೇ ತಿಳಿಯತೊಡಗಿದ್ದವು. ಆ ಮನುಷ್ಯ 'ಬಾವಿ' ಎನ್ನುವಾಗ ಎಡಗಡೆ ಮೀಸೆ ಎದ್ದೇಳುತ್ತಿತ್ತು. ಯಾರಿಗೆ ಬೇಕಿತ್ತು ಈ ವಿದ್ಯೆ? ಇಷ್ಟು ವರ್ಷ ಜನರ ಮಾತನ್ನು ಅವನೇ ಎತ್ತಿ ಎಸೆದಿದ್ದ. ಮದುವೆ ಸೀಡಿಯಲ್ಲಿ ಯಾರ ಮಾತೂ ಯಾರಿಗೂ ಬೇಡ. ಧಾರೆಯ ವಾಲಗ ಸ್ವಲ್ಪ ಬಿಟ್ಟು ಮಿಕ್ಕ ದನಿಯನ್ನೆಲ್ಲ ಒರೆಸಿ ಹಾಡು ಎಳೆಯುವುದೇ ಮಿಕ್ಸಿಂಗ್. ಅಜ್ಜಿಯರು ಕ್ಯಾಮೆರಾ ಮುಂದೆ ಹರಸಿದ್ದು, ಮಾವಂದಿರು ಊಟದ ಪಂಕ್ತಿಯಲ್ಲಿ ಜಗಳವಾಡಿದ್ದು, ಹೆಣ್ಣು ಕಳಿಸುವಾಗಿನ ಅಳು, ಎಲ್ಲದರ ಮೇಲೂ ಹಾಡು. ಸಾವಿರಾರು ಜನ ಅವನ ಕೈಯಲ್ಲಿ ಬಾಯಿ ಆಡಿಸಿ ಹೋಗಿದ್ದರು, ಒಬ್ಬರೂ ಬಂದು ಕೇಳಿರಲಿಲ್ಲ. ಈ ಒಬ್ಬ ಮುದುಕನಿಗೆ ಏನು ವಿಶೇಷ ಎಂದುಕೊಂಡ. ಎಂದುಕೊಂಡರೂ ಕೈ ಫೋನಿಗೆ ಹೋಯಿತು.

ವೀರೇಶನಿಗೆ ಫೋನ್ ಮಾಡುವುದೊಂದನ್ನು ಬಿಟ್ಟು ಬೇರೆಲ್ಲ ಮಾಡಿ ಆಗಿತ್ತು. ಸಾಫ್ಟ್‌ವೇರು ತೆಗೆದು ಮತ್ತೆ ಹಾಕಿದ್ದ, ಫೈಲನ್ನು ನಾಲ್ಕು ಥರ ಬದಲಾಯಿಸಿದ್ದ, ಇಂಟರ್ನೆಟ್ಟಿನ ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದಿದ್ದ. ವೀರೇಶ ಅವನ ಹತ್ತಿರ ಕೆಲಸ ಕಲಿತವನು. ಕೊಪ್ಪಳದಿಂದ ಬಂದವನಿಗೆ ಮೌಸ್ ಹಿಡಿಯುವುದರಿಂದ ಕಲಿಸಿದ್ದು ಇವನೇ. ನಾಲ್ಕು ವರ್ಷದ ಹಿಂದೆ ಒಂದು ಮದುವೆಯವರ ಮುಂದೆ, 'ಸಾರ್, ಹಿಂಗೆ ಮಾಡಿದ್ರೆ ಬೇಗ ಆಗುತ್ತೆ,' ಎಂದು ಇವನ ಕೈಯಿಂದ ಮೌಸ್ ತೆಗೆದುಕೊಂಡು ಮಾಡಿ ತೋರಿಸಿದ್ದ. ಗಿರಾಕಿಗಳು ನಕ್ಕಿದ್ದರು. ಅವರು ಹೋದ ಮೇಲೆ ಪದ್ಮನಾಭ ಅವನ ಕೆನ್ನೆಗೆ ಹೊಡೆದು, 'ನನಗೇ ಕಲಿಸೋಕೆ ಬರ್ತೀಯೇನೋ ಬೋಳಿಮಗನೆ,' ಎಂದು ಹೊರಹಾಕಿದ್ದ. ಈಗ ಬಸವೇಶ್ವರನಗರದಲ್ಲಿ ಅವನದ್ದೇ ಎರಡು ಮಷೀನಿನ ಸ್ಟುಡಿಯೊ. ಇವನ ಗಿರಾಕಿಗಳೇ ಅರ್ಧ ಅಲ್ಲಿ. ಫೋನೆತ್ತಿ ಅವನು ಬೈದಿದ್ದರೆ ಸುಖವಾಗಿರುತ್ತಿತ್ತು. 'ನಮಸ್ಕಾರ ಸಾರ್! ಆರಾಮಿದೀರಾ ಸಾರ್?' ಎಂದ, ಅದೇ ಮರ್ಯಾದೆ. ಪದ್ಮನಾಭ ಯಾವುದೋ ಗಿರಾಕಿಯ ಹೆಸರು ಹೇಳಿ, ಹಾರ್ಡ್ ಡಿಸ್ಕ್ ಕ್ಯಾಮೆರಾ, ಪಿಕ್ಚರ್ ಬರ್ತಿದೆ ಸೌಂಡಿಲ್ಲ, ಎಂದು ಗಂಟಲು ಸರಿಮಾಡಿಕೊಂಡ. 'ಓ ಅದಾ ಸಾರ್! ಆ ಕ್ಯಾಮೆರಾಗಳು ಸೌಂಡನ್ನ ಡಿವಿಡಿ ಥರ ಬರೀತಾವೆ. ನಿಮ್ ಹಳೇ ಸಾಫ್ಟ್‌ವೇರಿಗೆ ಅದು ಓದಕ್ಕೆ ಬರಲ್ಲ. ಒಂದು ಸಣ್ಣ ಫೈಲ್ ಹಾಕ್ಬೇಕು, ಎರಡು ನಿಮಿಷದ ಕೆಲಸ. ಮೇಲ್ ಮಾಡ್ತೀನಿ ತಗೊಳ್ಳಿ. ಬರ್ಲಾ ಸಾರ್, ನಾನೇ ಬಂದು ಹಾಕ್ಕೊಡ್ಲಾ?' 'ಬೇಡ ಬೇಡ,' ಎಂದು ಫೋನಿಟ್ಟ. ಎರಡು ನಿಮಿಷ! ಹತ್ತು ದಿನ, ಒಂದು ಮನೆ, ಆ ಹುಡುಗಿ. ಎರಡು ನಿಮಿಷ ಅಂತೆ. ಅವನ ಕಿವಿ ಉರಿಯುತ್ತಿತ್ತು, ಯಾರನ್ನಾದರೂ ಹಿಡಿದು ಬಾರಿಸಬೇಕು ಅನ್ನಿಸಿತು.

ಫೈಲು ಬಂತು. ಹಾಕಿದ. ಕಂಪ್ಯೂಟರ್ ಆರಿಸಿ ಹಚ್ಚಿದ. ಕೆಳಗಿನ ಪಟ್ಟಿಯಲ್ಲಿ ಹಸಿರು ಗೆರೆಗಳು ಗಿಜಿಗುಟ್ಟಿ ಎದ್ದವು. ಸ್ಪೀಕರ್ ಆರಿಸಿ ಹೆಡ್‌ಫೋನ್ ಹಾಕಿಕೊಂಡ. ಮೊದಲು ಕೇಳಿದ್ದು ಬಟ್ಟೆ ಸರಭರ. ಚಿತ್ರದಲ್ಲಿ ಶಿಲ್ಪಾ ಬಾಗಿ ಮಾವನ ಅಂಗಿಗೆ ಮೈಕು ಸಿಕ್ಕಿಸುತ್ತಿದ್ದಾಳೆ, ಬೆನ್ನು, ಆಗಲೇ ಓಡಲು ಬಿಟ್ಟು ಮೇಜಿನ ಮೇಲಿಟ್ಟ ಕ್ಯಾಮೆರಾದ ಕಡೆ. ಇದನ್ನು ನೂರು ಸಲ ನೋಡಿದ್ದ. ಅವಳ ದನಿ ಕಿವಿಯೊಳಗೇ ಬಂತು. 'ಮಾವಾರ, ಅಂಗಡಿ ಅಣ್ಣಾರು ಸ್ವಿಚ್ ಮರೀಬ್ಯಾಡ ಅಂದಾರ. ಹಾಕೀನಿ. ಕೆಂಪು ದೀಪ ಹತ್ತೇತಿ, ನೀವೂ ಒಮ್ಮೆ ನೋಡ್ರಿ, ನನಗ ಹೆದರಿಕಿ ಆಗೇತಿ.' ಆಮೇಲೆ ದಪ್ಪನೆಯ, ಸ್ವಲ್ಪ ಒಡೆದ ಗಂಡಸಿನ ದನಿ. 'ದೀಪ ಹತ್ತದೆ ಕಣಮ್ಮ. ಹೆದರ್ಕೋಬೇಡ. ಹೋಗು, ಹಿಡಿ.' ಅವಳು ಪಕ್ಕಕ್ಕೆ ಸರಿದಳು, ಮುದುಕರು ಗಂಟಲು ಸರಿಮಾಡಿಕೊಂಡು, 'ಏನ್ ಮಾತಾಡ್ಲಿ? ಮಾತಾಡು ಅಂದ್ರೆ ಮಾತೇ ಬರಲ್ಲ ನೋಡು,' ಎಂದು ನಕ್ಕರು. ಪದ್ಮನಾಭ ನಿಲ್ಲಿಸಿದ. ಶುರುವಿನಿಂದ 'ಹೋಗು, ಹಿಡಿ' ತನಕ ಇಪ್ಪತ್ತೆರಡು ಸೆಕೆಂಡು. ಮೇಲೆ ಲೋಟದ ಸದ್ದು ಕೇಳುತ್ತಿತ್ತು, ಯಶೋದಮ್ಮ ಇನ್ನೂ ಬೈಯುತ್ತಿದ್ದರು. ಬೈಗುಳ ನಿಂತಿತು, ಲೋಟವೂ ನಿಂತಿತು. ಮತ್ತೆ ಬೈಗುಳ, ಮತ್ತೆ ಲೋಟ. ನೀರಿಗಲ್ಲ. ಎರಡು ದಿನದಿಂದ ಆ ಮನುಷ್ಯ ಹೇಳುತ್ತಿರುವುದು ಇದನ್ನೇ, ಇಡೀ ಮನೆಗೆ ಒಬ್ಬರಿಗೂ ಅರ್ಥವಾಗಿಲ್ಲ.

ಹೋಗಿ ಹಾಕಿಬಿಡಬೇಕು, ಹೀಗೆಯೇ, ಶುರುವಿನಿಂದ. ಹಾಕಿದರೆ? ಯೋಗಾನಂದ ತಿರುಗಿ ನೋಡುತ್ತಾನೆ. ಸ್ವಿಚ್ ಹಾಕಿಲ್ಲ ಅಂದಿರಲ್ಲ ಸಾರ್, ಎನ್ನುತ್ತಾನೆ. ಆಮೇಲೆ ಮಾರೇನಹಳ್ಳಿಯಿಂದ ವಿಜಯನಗರದ ತನಕ ಎಲ್ಲ ಫೋಟೋ ಸ್ಟುಡಿಯೋದವರ ಬಾಯಲ್ಲೂ ಅದೇ: ಪದ್ಮನಾಭನಿಗೆ ಸೌಂಡ್ ತೆಗೆಯೋಕೆ ಬರಲಿಲ್ಲ, ಮನೆ ಸೊಸೆ ಮೇಲೆ ಹಾಕಿದ. ವೀರೇಶ ಕೇಳಿ, ಅಯ್ಯೋ ಪಾಪ ನಮ್ ಸಾರ್, ಎನ್ನುತ್ತಾನೆ. ಆ ಪಾಪ ಎಂಬ ಮಾತನ್ನು ನೆನೆದೇ ಪದ್ಮನಾಭನ ಮೈಯೆಲ್ಲ ಚುಚ್ಚಿತು. ಇನ್ನೊಂದು ದಾರಿ ತಾನಾಗಿ ಬಂತು, ಹುಡುಕಬೇಕಾಗಲಿಲ್ಲ. ಸ್ವಿಚ್ಚು ಅರ್ಧ ಕೂತಿತ್ತು ಅನ್ನಿಸುತ್ತೆ, ತೀರಾ ಸಣ್ಣಗೆ ಬಂದಿತ್ತು, ಹತ್ತು ದಿನ ಕೂತು ಎಳೆದೆ. ಒಪ್ಪುವ ಮಾತು. ಎಲ್ಲರಿಗೂ ಸಂತೋಷ. ಆ ಹುಡುಗಿಗೂ ಬೈಗುಳ ಕಡಿಮೆಯಾಗುತ್ತದೆ, ದನಿ ಸಿಕ್ಕ ಮೇಲೆ ಯಾರು ತಾನೆ ಬೈಯುತ್ತಾರೆ? ಅವಳಿಗೂ ಉಪಕಾರವೇ. ಈ ಇಪ್ಪತ್ತೆರಡು ಸೆಕೆಂಡು ಒಂದು ಅಡ್ಡ. ಶುರುವಿನ ಅಲುಗಾಟ, ಬೆನ್ನು, ಬಟ್ಟೆ ಸದ್ದು, ಇದನ್ನು ಯಾವ ಮಿಕ್ಸಿಂಗಿನವನೂ ಇಡುವುದಿಲ್ಲ. ಕೆಲಸ ಕಲಿಯಲು ಬಂದವರಿಗೆ ಮೊದಲ ದಿನ ಹೇಳುವ ಪಾಠವೇ ಅದು, ತಲೆ ಬಾಲ ಕತ್ತರಿಸು ಅಂತ. ಬ್ಲೇಡಿನ ಗುರುತು ಒತ್ತಿದ, 'ಹೋಗು, ಹಿಡಿ' ಆದ ಮೇಲೆ ಇಟ್ಟ, ಕತ್ತರಿಸಿದ. ತುಂಡು ಬಿದ್ದುಹೋಯಿತು, ಮಿಕ್ಕದ್ದು ಹಿಂದಕ್ಕೆ ಸರಿದು ಅಂಚಿಗೆ ಕೂತಿತು. ಡಿವಿಡಿ ಬರೆಯಲು ಹಾಕಿದ. ಅದು ತಿರುಗುತ್ತಿದ್ದಾಗ ಕ್ಯಾಮೆರಾದಿಂದ ಬಂದ ಮೂಲ ಫೈಲು ನೆನಪಾಯಿತು. ಅದನ್ನಾದರೂ ಇಟ್ಟುಕೊಂಡಿರೋಣ ಎಂದುಕೊಂಡ. ಯಾಕೆ, ಯಾರಿಗೆ ತೋರಿಸಲು? ಎಂದಾದರೂ ಯೋಗಾನಂದ ಬಂದು ಒರಿಜಿನಲ್ ಕೊಡಿ ಸಾರ್ ಎಂದರೆ? ಮೌಸನ್ನು ಆ ಫೈಲಿನ ಮೇಲೆ ತಂದು ಒತ್ತಿದ. ಅಳಿಸಲೇ ಎಂದು ಕಂಪ್ಯೂಟರು ಕೇಳಿತು, ಹೌದು ಎಂದು ಒತ್ತಿದ. ಹೊರಗೆ ಹೂವಿನವಳು ಕೂಗಿಕೊಂಡು ಹೋದಳು. ಅವನಿಗೆ ಹಸಿವಾಗುತ್ತಿತ್ತು.

ಮೂರು ಗಂಟೆಗೆ ಮೇಲೆ ಹೋದ. ನಡುಮನೆಯಲ್ಲಿ ಟಿವಿಗೆ ಎದುರಾಗಿ ಮಂಚ ಹಾಕಿದ್ದರು. ಗಂಗಹನುಮಯ್ಯ ದಿಂಬಿಗೆ ಒರಗಿ ಕೂತಿದ್ದರು. ಮೂಗಿನಲ್ಲಿ ನಳಿಗೆ, ಕತ್ತಿನ ತೂತಿನ ಮುಂದೆ ಬಿಳಿ ಬಟ್ಟೆ, ಉಸಿರಿಗೆ ಅದು ಒಳಕ್ಕೆ ಹೊರಕ್ಕೆ ಆಡುತ್ತಿತ್ತು. ಮಂಚದ ತಲೆಯ ಹಿಂದೆ ಶಿಲ್ಪಾ ನಳಿಗೆಗೆ ಗಂಜಿ ಬಿಡುವ ಸಿರಿಂಜು ಹಿಡಿದು ನಿಂತಿದ್ದಳು. ಯಶೋದಮ್ಮ ನೆಲದ ಮೇಲೆ, ಯೋಗಾನಂದ ಬಾಗಿಲಲ್ಲಿ. ಪದ್ಮನಾಭ ಯಾರ ಮುಖವನ್ನೂ ನೋಡದೆ ಡಿಸ್ಕು ಹಾಕಿದ. 'ಏನ್ ಮಾತಾಡ್ಲಿ? ಮಾತಾಡು ಅಂದ್ರೆ ಮಾತೇ ಬರಲ್ಲ ನೋಡು.' ಯಶೋದಮ್ಮನ ಕೈ ಬಾಯಿಗೆ ಹೋಯಿತು. ಟಿವಿಯಲ್ಲಿ ಮಾತು ಮುಂದುವರಿಯಿತು. ಬಾವಿ ತೋಡಿದ್ದು, ಎತ್ತು ಓಡಿಹೋಗಿ ಮೂರು ದಿನ ಹುಡುಕಿದ್ದು, ಯೋಗಾನಂದ ಹುಟ್ಟಿದ ದಿನದ ಬಿಸಿಲು. ಆಮೇಲೆ ಕ್ಯಾಮೆರಾದ ಹಿಂದಿನಿಂದ ಯಾರೋ ಹೇಳಿಕೊಟ್ಟಂತೆ ಸ್ವಲ್ಪ ನಾಚಿ, ಬಾಗಿಲ ಕಡೆ ತಿರುಗಿ ಕೂಗಿದರು. 'ಯಶೋದಾ! ಏ ಯಶೋದಾ! ಎಲ್ಲೋದೆ?' ನೆಲದ ಮೇಲೆ ಕೂತಿದ್ದ ಯಶೋದಮ್ಮ, 'ಇಲ್ಲೇ ಅವ್ನಿ,' ಎಂದುಬಿಟ್ಟರು. ಎಂದವರು ಗೋಳೋ ಎಂದು ಅತ್ತರು. ಯೋಗಾನಂದ ಗೋಡೆಗೆ ಮುಖ ಒತ್ತಿಕೊಂಡ. ಪದ್ಮನಾಭನ ಕಣ್ಣಲ್ಲೂ ನೀರು ಬಂತು, ಅದು ನಿಜವಾದ ನೀರೇ, ಅದಕ್ಕೆ ಅವನಿಗೇ ಆಶ್ಚರ್ಯವಾಯಿತು.

ಮುಗಿದ ಮೇಲೆ ಯೋಗಾನಂದ ಬಂದು ಅವನ ಎರಡೂ ಕೈ ಹಿಡಿದುಕೊಂಡ. 'ಸಾರಿ ಸಾರ್. ಅವತ್ತು ಏನೇನೋ ಮಾತಾಡ್ದೆ. ಹೆಂಗ್ ತೆಗೆದ್ರಿ ಸಾರ್ ಇದನ್ನ?' ಸಿದ್ಧಮಾಡಿಟ್ಟುಕೊಂಡ ಮಾತು ಸಲೀಸಾಗಿ ಬಂತು. 'ಸ್ವಿಚ್ ಸರಿಯಾಗಿ ಕೂತಿರ್ಲಿಲ್ಲ ಅನ್ಸುತ್ತೆ ಸಾರ್. ತೀರಾ ಸಣ್ಣಗೆ ಬಂದಿತ್ತು. ಹತ್ತು ದಿನ ಕೂತು ಎಳೆದೆ.' ಯಶೋದಮ್ಮ ಕೂತಲ್ಲಿಂದಲೇ ಕೈ ಮುಗಿದರು. 'ನೀನು ನನ್ ಹೊಟ್ಟೇಲಿ ಹುಟ್ಬೇಕಾಗಿತ್ತು ಕಣಪ್ಪ,' ಎಂದು, ಸೆರಗಿನಲ್ಲಿ ಮೂಗು ಒರೆಸಿ, ಸೊಸೆಯ ಕಡೆ ತಿರುಗಿದರು. 'ಕೇಳುಸ್ಕೊಂಡ್ಯೇನೇ? ಈಗ್ಲಾದ್ರೂ ಒಪ್ಕೋ.' ಶಿಲ್ಪಾ ಸಿರಿಂಜನ್ನು ಎರಡು ಕೈಯಲ್ಲಿ ಹಿಡಿದಿದ್ದಳು. ಪದ್ಮನಾಭನನ್ನು ನೋಡಿ, 'ಅಣ್ಣಾರ, ಮೊದಲ ನಾ ಮಾತಾಡಿದ್ದು ಇತ್ತಲ್ರಿ? ಮೈಕ್ ಹಾಕುವಾಗ, ಮಾವಾರ ಕೂಡ?' ಎಂದಳು. ಜಗಳದ ದನಿಯಲ್ಲ, ನಿಜವಾಗಿಯೂ ಕೇಳುತ್ತಿದ್ದಳು. 'ಇಲ್ಲಮ್ಮ,' ಎಂದ, 'ಅಂಥದ್ದೇನೂ ಬಂದಿಲ್ಲ. ಆಗ ಸ್ವಿಚ್ ಆಫಾಗಿತ್ತೇನೋ.' ಅವಳು ಮಾವನ ದಿಂಬು ಸರಿಮಾಡಿದಳು. ಯೋಗಾನಂದ, 'ಆಯ್ತು ಬಿಡು ಈಗ, ಅವರಷ್ಟು ಕಷ್ಟಪಟ್ಟಿದಾರೆ,' ಎಂದ. ಹತ್ತು ದಿನದ ಮೇಲೆ ಹೆಂಡತಿಯೊಡನೆ ಆಡಿದ ಮೊದಲ ಮಾತು ಅದಿರಬೇಕು.

ಆಗ ಲೋಟ ಮಂಚದ ಕಬ್ಬಿಣಕ್ಕೆ ಬಡಿಯಿತು. ಗಂಗಹನುಮಯ್ಯ ತೋರುಬೆರಳನ್ನು ಗಾಳಿಯಲ್ಲಿ ಹಿಂದಕ್ಕೆ ತಿರುಗಿಸುತ್ತಿದ್ದರು. 'ಇನ್ನೊಂದ್ಸಲ ಕೇಳ್ಬೇಕಂತೆ, ಹಾಕಪ್ಪ,' ಎಂದರು ಯಶೋದಮ್ಮ. ಪದ್ಮನಾಭ ಶುರುವಿನಿಂದ ಹಾಕಿದ. 'ಏನ್ ಮಾತಾಡ್ಲಿ?' ಎಂಬಲ್ಲಿಗೇ ಲೋಟ ಬಡಿಯಿತು, ಬೆರಳು ಮತ್ತೆ ಹಿಂದಕ್ಕೆ. ಮತ್ತೆ ಹಾಕಿದ, ಮತ್ತೆ ಬಡಿಯಿತು. ಮೂರನೆಯ ಸಲವೂ ಹಾಕಿದ. ಮುದುಕರು ಲೋಟ ಎಸೆದರು. ಅದು ಉರುಳಿಕೊಂಡು ಹೋಗಿ ಟಿವಿ ಸ್ಟ್ಯಾಂಡಿಗೆ ಬಡಿಯಿತು. ಅವರು ದಿಂಬಿನಿಂದ ಮುಂದಕ್ಕೆ ಬಂದು, ಹೆಂಡತಿಯ ತೋಳು ಹಿಡಿದು, ಬಾಯಿ ತೆರೆದು ಹೇಳತೊಡಗಿದರು. ಕತ್ತಿನ ಬಟ್ಟೆ ಪಟಪಟ ಬಡಿಯಿತು, ಅಲ್ಲಿಂದ ಉಸಿರು ಮಾತ್ರ ಬಂತು. 'ಏನು? ಏನಂತೀರಾ? ನಿಧಾನಕ್ಕೆ ಹೇಳಿ,' ಎಂದು ಯಶೋದಮ್ಮ ಅವರ ಬಾಯನ್ನೇ ನೋಡಿ ನೋಡಿ ಸೋತರು. ಯೋಗಾನಂದ ಬಾಗಿದ, ಅವನಿಗೂ ತಿಳಿಯಲಿಲ್ಲ. ಶಿಲ್ಪಾ ಮಂಚದ ಹಿಂದೆ ಇದ್ದಳು, ಅವಳಿಗೆ ಕಾಣುತ್ತಿದ್ದುದು ಮಾವನ ನೆತ್ತಿ ಮಾತ್ರ. 'ಪದ್ಮನಾಭ, ನೀನ್ ನೋಡಪ್ಪ,' ಎಂದರು ಯಶೋದಮ್ಮ, 'ಹತ್ತು ದಿನ ಇವರ ಬಾಯೇ ನೋಡ್ಕೊಂಡ್ ಕೂತಿದ್ಯಲ್ಲ, ಏನಂತಾವ್ರೆ ನೋಡು.'

ಗಂಗಹನುಮಯ್ಯ ಹೆಂಡತಿಯ ತೋಳು ಬಿಟ್ಟು ಅವನ ಕಡೆಗೇ ತಿರುಗಿದರು. ಇಷ್ಟು ಹತ್ತಿರದಿಂದ ಆ ಬಾಯನ್ನು ಅವನು ಪರದೆಯಲ್ಲಿ ಮಾತ್ರ ನೋಡಿದ್ದ. ಮೀಸೆ ಬೋಳಿಸಿದ್ದರೂ ತುಟಿ ಅದೇ ಥರ ಎಡಕ್ಕೆ ಎದ್ದೇಳುತ್ತಿತ್ತು. ಒಂದೊಂದೇ ಅಕ್ಷರ ಬಿಡಿಸಿ, ತಪ್ಪದಂತೆ, ಮಗುವಿಗೆ ಹೇಳುವಂತೆ ಹೇಳಿದರು. ದೀಪ ಹತ್ತಿತ್ತು. ಒಂದು ಸಲ. ಇನ್ನೊಂದು ಸಲ. ದೀಪ ಹತ್ತಿತ್ತು, ಅವಳು ಹಾಕಿದ್ದಳು. ತುಟಿ ಕೂಡಿದ್ದು, ನಾಲಗೆ ಹಲ್ಲಿಗೆ ತಾಗಿದ್ದು, ಎಲ್ಲವೂ ಅವನಿಗೆ ಕಾಗದದ ಮೇಲೆ ಬರೆದಷ್ಟು ಸ್ಪಷ್ಟವಾಗಿತ್ತು. ಮೂವರೂ ಅವನ ಮುಖ ನೋಡುತ್ತಿದ್ದರು. ಮುದುಕರ ಕಣ್ಣಿನಲ್ಲಿ, ಕಡೆಗೂ ಒಬ್ಬನಿಗೆ ಕೇಳಿಸಿತು ಎಂಬ ನೆಮ್ಮದಿ ಮೂಡಿತ್ತು.

'ನಂಗೆ ಒಳ್ಳೇದಾಗ್ಲಿ ಅಂತಿದಾರಮ್ಮ,' ಎಂದ ಪದ್ಮನಾಭ.

ಯಶೋದಮ್ಮ ಗಂಡನ ಪಾದ ಸವರಿ ಮತ್ತೆ ಅಳತೊಡಗಿದರು. ಗಂಗಹನುಮಯ್ಯ ಇನ್ನೊಂದು ಸಲ ಹೇಳಲು ಬಾಯಿ ತೆರೆದವರು, ಅವನನ್ನೇ ನೋಡುತ್ತ, ಹೇಳದೆ ಮುಚ್ಚಿಕೊಂಡರು.